ಎಲುಬಿಗೆ ಬಿಟ್ಟ ನೀರು

ಹಾರವಾಡದ ದುರ್ಗಿ ಸಮುದ್ರಕ್ಕೆ ಹೆದರಿದವಳಲ್ಲ, ಪೊಲೀಸರಿಗೆ ಹೆದರಿದವಳಲ್ಲ. ಗಂಡ ಮಂಗೇಶನಿಗೆ ಹೆದರುವ ಮಾತಂತೂ ದೂರವೇ ಉಳಿಯಿತು. ಅಂಕೋಲೆಯ ಮೀನುಪೇಟೆಯಲ್ಲಿ ಅವಳ ಬಾಯಿಗೆ ಬೆಚ್ಚಿ, ಚೌಕಾಶಿ ಅರ್ಧಕ್ಕೇ ಬಿಟ್ಟು, ಅವಳು ಹೇಳಿದ ದರಕ್ಕೆ ಬಂಗಡೆ ಕೊಂಡು ಹೋದವರು ಎಷ್ಟೋ ಮಂದಿ. ಅಂಥ ಗಟ್ಟಿಗಿತ್ತಿ ಈಗ ಕಾರವಾರದ ಒಂದು ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಅಂಗಾತ ಮಲಗಿ, ಒಂದು ಬೈರಿಗೆಯನ್ನು ನೆನೆನೆನೆದು ಬೆವರುತ್ತಿದ್ದಳು. ಅವಳನ್ನು ನೋಡಿ ನಗಬೇಡಿ. ಆ ಬೈರಿಗೆಯನ್ನು ಮರಕ್ಕಲ್ಲ, ಅವಳ ಕಾಲಿನ ಎಲುಬಿಗೆ ಇಡುವುದಿತ್ತು.

ಉಪ್ಪಿನ ಗಲಾಟೆಯಲ್ಲಿ ಅಂಕೋಲೆಯ ಕಡೆಯ ಜನ ಹಿಂಡುಹಿಂಡಾಗಿ ಜೈಲು ಕಂಡು ಬಂದು ಐದಾರು ವರುಷಗಳಾಗಿದ್ದ ಕಾಲ. ಮಳೆಗಾಲ ಮುಗಿದು ದೋಣಿಗಳು ಮತ್ತೆ ನೀರಿಗಿಳಿದಿದ್ದವು. ಒಂದು ಬೆಳಿಗ್ಗೆ ಮೀನು ತುಂಬಿ ಬಂದ ದೋಣಿಯನ್ನು ದಡಕ್ಕೆಳೆಯಲು ಗಂಡಸು ಹೆಂಗಸೆನ್ನದೆ ಎಲ್ಲರೂ ಹಗ್ಗಕ್ಕೆ ಕೈ ಹಾಕಿದ್ದರು. ಕೆಳಗೆ ಕೊಟ್ಟ ಉರುಳುಮರ ಜಾರಿತು, ದೋಣಿ ವಾಲಿತು, ದುರ್ಗಿಯ ಬಲತೊಡೆ ಅದರಡಿಗೆ ಸಿಕ್ಕಿತು. ಎಲುಬು ಮುರಿದ ಸದ್ದು ತೆರೆಯ ಸದ್ದಿನ ಮೇಲೂ ಕೇಳಿಸಿತೆಂದು ಮಂಗೇಶ ಆಮೇಲೆ ಊರಿಗೆಲ್ಲ ಹೇಳಿದ. ಅವನು ಹೇಳುವುದರಲ್ಲಿ ಅರ್ಧ ಬಿಡಬೇಕು, ಆದರೆ ಮುರಿದದ್ದಂತೂ ನಿಜ.

ಮೊದಲು ಅಂಕೋಲೆಯ ಕಡೆಯ ನಾಟಿ ವೈದ್ಯನೊಬ್ಬ ಬಿದಿರಿನ ದಬ್ಬೆ ಕಟ್ಟಿ, ಸೊಪ್ಪು ಅರೆದು ಹಚ್ಚಿದ. ಕೈ ಮುರಿದವರನ್ನು ಅವನು ಎಷ್ಟೋ ಸಲ ನೆಟ್ಟಗೆ ಮಾಡಿದ್ದ. ತೊಡೆಯ ಎಲುಬು ಅವನ ದಬ್ಬೆಗೆ ಬಗ್ಗಲಿಲ್ಲ. ಮುರಿದ ಎರಡು ತುಂಡುಗಳು ಒಂದರ ಪಕ್ಕಕ್ಕೆ ಇನ್ನೊಂದು ಹತ್ತಿ ಕೂತು, ಕಾಲು ನಾಲ್ಕು ಬೆರಳಿನಷ್ಟು ಗಿಡ್ಡವಾಯಿತು. ಕೊನೆಗೆ ಮಂಗೇಶ ಅವಳನ್ನು ದೋಣಿಯಲ್ಲೇ ಮಲಗಿಸಿಕೊಂಡು ಕಾರವಾರಕ್ಕೆ ತಂದ. ಜೊತೆಗೆ ಅವಳ ತಾಯಿ ಹೀರಾ ಬಂದಳು. ಮಂಗೇಶ ದೋಣಿ ಬಿಟ್ಟು ಕೂರುವಂತಿರಲಿಲ್ಲ, ಮರಳಿದ; ಹೀರಾ ಮಗಳ ಮಂಚದ ಬುಡದಲ್ಲಿ ಚಾಪೆ ಹಾಸಿಕೊಂಡು ಉಳಿದಳು.

ಡಾಕ್ಟರ್ ಬಾಡಕರರು ಮುಂಬಯಿಯಲ್ಲಿ ಕಲಿತು ಬಂದವರು. ಅವರು ಹೇಳಿದ್ದು ದುರ್ಗಿಗೆ ಒಂದೇ ಸಲಕ್ಕೆ ಅರ್ಥವಾಯಿತು, ಏಕೆಂದರೆ ಹಗ್ಗದ ಕೆಲಸ ಅವಳಿಗೆ ಹೊಸದಲ್ಲ. ಮೊಣಕಾಲಿನ ಕೆಳಗಿನ ಎಲುಬಿಗೆ ಅಡ್ಡಲಾಗಿ ತೂತು ಕೊರೆದು ಉಕ್ಕಿನ ಸಲಾಕೆ ತೂರಿಸುವುದು, ಸಲಾಕೆಗೆ ಹಗ್ಗ ಕಟ್ಟುವುದು, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಮಂಚದ ತುದಿಯಲ್ಲಿ ಮರಳಿನ ಚೀಲ ತೂಗುಬಿಡುವುದು. ಚೀಲ ಹಗಲೂ ರಾತ್ರಿ ಎಳೆಯುತ್ತಿದ್ದರೆ ಹತ್ತಿ ಕೂತ ತುಂಡುಗಳು ಜಾರಿ ತಮ್ಮ ಜಾಗಕ್ಕೆ ಬರುತ್ತವೆ, ಕಾಲು ಮೊದಲಿನ ಉದ್ದಕ್ಕೆ ಕೂಡುತ್ತದೆ. ಕೊರೆಯುವಾಗ ಸೂಜಿಮದ್ದು ಕೊಡುತ್ತಾರೆ, ನೋವಾಗುವುದಿಲ್ಲ, ಆದರೆ ಎಚ್ಚರವಿರುತ್ತದೆ. ಇಷ್ಟನ್ನು ಹೇಳಿ ಡಾಕ್ಟರು, ಇದು ಮಾಡದಿದ್ದರೆ ನೀನು ತಲೆಯ ಮೇಲೆ ಬುಟ್ಟಿ ಹೊತ್ತು ನಡೆಯುವುದು ಮುಗಿಯಿತು ಎಂದರು. ಬುಟ್ಟಿ ಹೊರದ ದುರ್ಗಿ ಯಾರೆಂದು ದುರ್ಗಿಗೇ ಗೊತ್ತಿರಲಿಲ್ಲ. ಅವಳು ಹೂಂ ಅಂದಳು.

ಹೂಂ ಅಂದ ಬಾಯಿ ಮರುದಿನದಿಂದಲೇ ಒಣಗತೊಡಗಿತು. ಅದಕ್ಕೆ ಕಾರಣ ಪಕ್ಕದ ಮಂಚದ ಬೊಮ್ಮು.

ಬೊಮ್ಮು ಅಂಕೋಲೆಯ ಆಚೆಯ ಒಕ್ಕಲಿಗರ ಹೆಂಗಸು, ಕೊರಳ ತುಂಬ ಮಣಿಸರ ಹಾಕಿಕೊಂಡವಳು. ಗೇಣಿ ಗದ್ದೆಯ ಪಕ್ಕದಲ್ಲಿ ಹುಲ್ಲಿನ ಬಣವೆ ಒಟ್ಟುವಾಗ ಮೇಲಿಂದ ಬಿದ್ದು ಅವಳದೂ ತೊಡೆಯೇ ಮುರಿದಿತ್ತು. ಗಂಡ ಹೊನ್ನ ಕೂಲಿ ಬಿಟ್ಟು ಬರಲಾರದೆ ವಾರಕ್ಕೊಮ್ಮೆ ಗಂಟು ಹೊತ್ತುಕೊಂಡು ಬಂದು ಹೋಗುತ್ತಿದ್ದ. ದುರ್ಗಿ ಬಂದ ಹೊಸತರಲ್ಲೇ ಡಾಕ್ಟರು ಬೊಮ್ಮುವಿಗೆ ಸಲಾಕೆ ಹಾಕಿದ್ದರು. ಆಗ ಎಲ್ಲ ಸರಿಯಾಯಿತೆಂದೇ ತೋರಿತ್ತು. ಬೊಮ್ಮು ನಗುತ್ತಲೇ ಹೊರಗೆ ಬಂದಿದ್ದಳು. ನೋವೇನೂ ಇರಲಿಲ್ಲ, ಕೊರೆಯುವಾಗ ಕಾಲಿನ ಮೇಲೆ ಬಿಟ್ಟ ನೀರು ಸಹ ಬೆಚ್ಚಗಿತ್ತು, ಆದರೆ ಒಂದು ವಾಸನೆ ಬಂತು, ಕೂದಲು ಸುಟ್ಟ ಹಾಗೆ, ಅದು ಎಲ್ಲಿಂದ ಬಂತೋ ಗೊತ್ತಿಲ್ಲ ಎಂದಿದ್ದಳು.

ಆಮೇಲೆ ಬೊಮ್ಮುವಿನ ಸಲಾಕೆಯ ಬುಡ ಒದ್ದೆಯಾಯಿತು. ಒದ್ದೆ ಕೀವಾಯಿತು. ಕೀವಿನೊಂದಿಗೆ ಜ್ವರ ಬಂತು. ಡಾಕ್ಟರು ಸಲಾಕೆ ತೆಗೆದರೂ ಕೀವು ನಿಲ್ಲಲಿಲ್ಲ. ಒಳಗಿನ ಎಲುಬೇ ಸತ್ತಿದೆ ಎಂದರಂತೆ. ಪ್ರತಿದಿನ ಬೆಳಿಗ್ಗೆ ಅವರು ಬಂದು ಬೊಮ್ಮುವಿನ ಕಾಲಿನ ಮೇಲೆ ಬಗ್ಗಿ ಪಟ್ಟಿಯನ್ನು ಮೂಸುತ್ತಿದ್ದರು. ಅಷ್ಟು ದೊಡ್ಡ ಮನುಷ್ಯ ಹಾಗೆ ಬಗ್ಗಿ ಮೂಸುವುದನ್ನು ನೋಡಲಾರದೆ ದುರ್ಗಿ ಸೆರಗನ್ನು ಮುಖಕ್ಕೆಳೆದುಕೊಳ್ಳುತ್ತಿದ್ದಳು. ಮೂಸಿ ಮೇಲೆದ್ದಾಗ ಅವರ ಮುಖ ಇಳಿದಿರುತ್ತಿತ್ತು. ಬೈರಿಗೆಯ ಅಲಗು ಮೊಂಡಾಗಿತ್ತೆಂದು ಅವರಿಗೆ ಅನುಮಾನ. ಮುಂಬಯಿಯಿಂದ ಹೊಸದು ತರಿಸಿದರು. ಅದು ಬರುವ ತನಕ ದುರ್ಗಿ ಕಾಯಬೇಕಾಯಿತು, ಮತ್ತು ಕಾಯುತ್ತ ಮಲಗಿದವಳಿಗೆ ಪಕ್ಕದ ಮಂಚದ ವಾಸನೆ ಮೂಗಿಗೆ ಬಡಿಯುತ್ತಲೇ ಇತ್ತು. ಕಾಲು ಕತ್ತರಿಸಬೇಕಾಗಬಹುದೆಂದು ವಾರ್ಡಿನಲ್ಲಿ ಪಿಸುಮಾತು ಎದ್ದಿತ್ತು. ಬೊಮ್ಮುವಿನ ಮುಂದೆ ಯಾರೂ ಆಡುತ್ತಿರಲಿಲ್ಲ, ಹಾಗಾಗಿ ಅವಳಿಗೆ ಎಲ್ಲವೂ ಗೊತ್ತಿತ್ತು.

ಹೀರಾ ಮಾತ್ರ ಹೆದರಿದ್ದಳೆಂದು ತೋರಿಸಿಕೊಳ್ಳಲಿಲ್ಲ. ಬೊಮ್ಮುವಿನ ತಲೆ ಬಾಚುವುದು, ಮಣಿಸರದ ಸಿಕ್ಕು ಬಿಡಿಸುವುದು, ಬೆನ್ನ ಕೆಳಗಿನ ಬಟ್ಟೆ ಸರಿಮಾಡುವುದು, ಎಲ್ಲ ಅವಳದೇ. ತನ್ನವರಿಲ್ಲದೆ ಮಲಗಿದ ಹೆಂಗಸನ್ನು ಕಂಡರೆ ಹೀರಾಳಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಊರಲ್ಲಿ ಅವಳು ಎಷ್ಟೋ ಬಾಣಂತಿಯರಿಗೆ ನೀರು ಹಾಕಿದವಳು. ಬಾಣಂತಿಗೂ ಎಲುಬು ಮುರಿದವರಿಗೂ ತಣ್ಣೀರು ಮುಟ್ಟಿಸಬಾರದೆಂಬುದು ಆ ಕಡೆಯ ಮನೆಮನೆಯ ಕಟ್ಟಳೆ. ಮೈಯೊಳಗೆ ಥಂಡಿ ಹೊಕ್ಕರೆ ಹೊರಬರುವುದಿಲ್ಲ, ಸಾಯುವ ತನಕ ಎಲುಬು ನೋಯುತ್ತದೆ, ಪ್ರತಿ ಮಳೆಗಾಲಕ್ಕೂ ಒಳಗಿಂದ ಹಿಂಡುತ್ತದೆ ಎಂದು ಎಲ್ಲರೂ ನಂಬಿದ್ದರು. ದುರ್ಗಿಯೂ ನಂಬಿದ್ದಳು. ಆಸ್ಪತ್ರೆಯ ಜವಾನ, ಸದಾಶಿವಗಡದ ದೇವು, ಸರಕಾರಿ ಟೊಪ್ಪಿಗೆ ಹಾಕಿಕೊಂಡಿದ್ದರೂ ಅವನ ನಂಬಿಕೆಯೂ ಅದೇ.

ಈ ದೇವುವಿನ ಕೆಲಸಗಳಲ್ಲಿ ಒಂದು, ಕೊರೆಯುವ ದಿನದ ನೀರು ಸಿದ್ಧಮಾಡುವುದು. ತಾಮ್ರದ ದೊಡ್ಡ ಕೆಟ್ಲಿಯಲ್ಲಿ ಉಪ್ಪುನೀರು ಕುದಿಸಿ, ಬಾಯಿಗೆ ಬಟ್ಟೆ ಕಟ್ಟಿ, ಮೂತಿಗೆ ಅರಳೆ ತುರುಕಿ, ರಾತ್ರಿಯಿಡೀ ಆರಲು ಇಡಬೇಕು. ಕಂಪೌಂಡರ ಹರಿಶ್ಚಂದ್ರ ಅದನ್ನು ಬೈರಿಗೆಯ ಬಾಯಿಗೆ ಸಣ್ಣ ಧಾರೆಯಾಗಿ ಬಿಡುತ್ತಿರಬೇಕು. ಎಂತಕ್ಕೆ ಬಿಡುವುದೆಂದು ದೇವುವಿಗೆ ಯಾರೂ ಹೇಳಿರಲಿಲ್ಲ. ಕೇಳುವುದು ಅವನ ಜಾಯಮಾನವಲ್ಲ. ರಕ್ತ ತೊಳೆಯಲಿಕ್ಕೆ ಇರಬೇಕೆಂದು ಅವನು ತಾನೇ ತೀರ್ಮಾನಿಸಿಕೊಂಡಿದ್ದ.

ರೋಗಿಗಳ ಮನೆಯವರು ಅಡುಗೆ ಮಾಡಿಕೊಳ್ಳುವ ಹಿತ್ತಲ ಚಪ್ಪರದಡಿಯಲ್ಲೇ ಕೆಟ್ಲಿ ಇರುತ್ತಿತ್ತು. ಬೊಮ್ಮುವಿನ ದಿನ ಬೆಳಿಗ್ಗೆ ಹೀರಾ ಅದರ ಹೊಟ್ಟೆ ಮುಟ್ಟಿ ನೋಡಿದಳು. ಇಬ್ಬನಿಯಲ್ಲಿ ಕೂತು ತಣ್ಣಗೆ ಕೊರೆಯುತ್ತಿತ್ತು. ತೂತು ಮಾಡಿದ ಎಲುಬಿನೊಳಕ್ಕೆ ಈ ನೀರೇ! ಬಟ್ಟೆ ಬಿಚ್ಚದೆ, ಅರಳೆ ತೆಗೆಯದೆ, ಕೆಟ್ಲಿಯನ್ನು ಹಾಗೆಯೇ ತನ್ನ ಒಲೆಯ ಬಿಸಿ ಬೂದಿಯಲ್ಲಿ ಹುಗಿದಿಟ್ಟು, ಬಾಣಂತಿಯ ಮೈಗೆ ಹಾಕುವ ಹದಕ್ಕೆ ಕಾಯಿಸಿ, ಒರೆಸಿ ಕೊಟ್ಟಳು. ದೇವು ನೋಡಿದ, ಒಳ್ಳೆಯದೇ ಮಾಡಿದೆ ಎಂದ. ಇದನ್ನು ಹೀರಾ ಆವತ್ತೇ ಮಗಳಿಗೆ ಹೇಳಿದ್ದಳು. ಪಾಪದ ಹೆಣ್ಣಿಗೆ ಅಷ್ಟಾದರೂ ಆಯಿತಲ್ಲ ಎಂದು ದುರ್ಗಿ ಸಮಾಧಾನಪಟ್ಟಿದ್ದಳು.

ಹೊಸ ಅಲಗು ಬಂತು. ದುರ್ಗಿಯ ಸರದಿಯೂ ಬಂತು. ಆ ಬೆಳಿಗ್ಗೆ ಅವಳು ಬೇಡದ ದೇವರಿಲ್ಲ. ತಾಯಿ ಅವಳ ಹಣೆಯ ಬೆವರೊರೆಸಿ, ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು.

"ಹೆದ್ರಬೇಡ ಮಗಾ. ನೀರಿನ ಥಂಡಿ ನಾನೇ ತೆಗ್ದು ಇಟ್ಟಿದ್ದೆ. ಚೂರೂ ಚಳಿ ಕೊರೆಯೂದಿಲ್ಲ ನಿಂಗೆ."

ದುರ್ಗಿ ತಾಯಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆಸ್ಪತ್ರೆಯಲ್ಲಿ ಅವಳಿಗೆ ತನ್ನದೆಂದು ಇದ್ದದ್ದು ಆ ಕೈಯೊಂದೇ. ದೇವುವೂ ಇನ್ನೊಬ್ಬನೂ ಅವಳನ್ನು ಎತ್ತಿಕೊಂಡು ಹೋಗುವಾಗ ಬೊಮ್ಮು ತಲೆ ಹೊರಳಿಸಿ ನೋಡಿದಳು.

ಕೊಠಡಿಯಲ್ಲಿ ಸಲಕರಣೆ ಕುದಿಸಿದ ಹಬೆ ತುಂಬಿತ್ತು. ಅವಳನ್ನು ಮೇಜಿನ ಮೇಲೆ ಮಲಗಿಸಿ, ಕೆಳಗೆ ರಬ್ಬರು ಹಾಸು ಹಾಸಿ, ಕಾಲನ್ನು ಮರಳುಚೀಲದ ಮೇಲೆ ಎತ್ತಿ ಇಟ್ಟರು. ಎರಡು ಕೈಗಳನ್ನೂ ದೇವು ಹಿಡಿದುಕೊಂಡ. ಡಾಕ್ಟರು ಮೊಣಕಾಲಿನ ಕೆಳಗೆ ಈಚೆಗೂ ಆಚೆಗೂ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಅಲ್ಲಿ ಕಾಲೇ ಇಲ್ಲವೆಂಬಂತಾಯಿತು. ಅದೂ ಒಂದು ಹೆದರಿಕೆಯೇ. ನೋವಿರುವ ಕಾಲು ತನ್ನದೆಂದು ಗೊತ್ತಿರುತ್ತದೆ, ಇದು ಯಾರದೋ.

ಬೈರಿಗೆಯ ಹಿಡಿ ತಿರುಗಿತು. ಸದ್ದು ಕಿವಿಯಿಂದ ಬರಲಿಲ್ಲ, ಅವಳ ಮೈಯೊಳಗಿಂದಲೇ ಬಂತು. ಸೊಂಟದ ತನಕ, ಹಲ್ಲಿನ ತನಕ ಗರಗರ ಏರಿತು. ದುರ್ಗಿ ಕಣ್ಣು ಮುಚ್ಚಿಕೊಂಡು ಹಲ್ಲು ಕಚ್ಚಿದಳು. ಹರಿಶ್ಚಂದ್ರ ಕೆಟ್ಲಿಯ ಹಿಡಿಗೆ ಸುತ್ತಿದ ಬಟ್ಟೆಯನ್ನು ಹಿಡಿದು ಧಾರೆ ಬಿಡುತ್ತಿದ್ದ. ಎತ್ತಿಟ್ಟ ಕಾಲಿನಿಂದ ನೀರು ಹಿಂದಕ್ಕೆ ಹರಿದು, ಮದ್ದು ಮುಟ್ಟದ ತೊಡೆಯ ಕೆಳಗೆ ಬಂದು ನಿಂತಿತು. ಬೆಚ್ಚಗಿತ್ತು. ಆಯಿ ಹೇಳಿದ ಹಾಗೆಯೇ ಇದೆ ಎಂದು ಅವಳಿಗೆ ಒಂದು ಗಳಿಗೆ ಧೈರ್ಯ ಬಂತು.

ಆಗ ಡಾಕ್ಟರು ತಿರುಗಿಸುವುದನ್ನು ನಿಲ್ಲಿಸದೆಯೇ ಹರಿಶ್ಚಂದ್ರನಿಗೆ ಗದರಿದರು.

"ಧಾರೆ ಕಡೀಬಾರದು ಮಾರಾಯಾ. ತಿರುಗಿದ ಹಾಗೆಲ್ಲ ಎಲುಬು ಕಾಯ್ತದೆ. ಮೇಲೆ ತಣ್ಣೀರು ಬಿದ್ರೆ ಮಾತ್ರ ಸುಡದೆ ಉಳೀತದೆ. ಬೊಮ್ಮೂಗೆ ಆದದ್ದೇ ಅದು, ಒಳಗೆ ಎಲುಬು ಸುಟ್ಟು ಸತ್ತದ್ದು."

ದುರ್ಗಿ ಕಣ್ಣು ಬಿಟ್ಟಳು.

ತಣ್ಣೀರು ಎಂದರಲ್ಲ? ಹೌದು, ತಣ್ಣೀರು ಎಂದೇ ಹೇಳಿದ್ದು. ತೊಡೆಯ ಕೆಳಗಿನ ಬೆಚ್ಚನೆಯ ನೀರು ಈಗ ಬೇರೆಯೇ ನೀರಾಯಿತು. ಬೊಮ್ಮು ಹೇಳಿದ ವಾಸನೆ, ಕೀವು, ಡಾಕ್ಟರು ಬಗ್ಗಿ ಮೂಸುವುದು, ಒಲೆಯ ಬೂದಿಯಲ್ಲಿ ಹುಗಿದ ಕೆಟ್ಲಿ ಎಲ್ಲ ಒಂದರ ಹಿಂದೊಂದು ಬಂದು ನಿಂತವು.

ಆದರೂ ಅವಳು ಬಾಯಿ ಬಿಡಲಿಲ್ಲ, ಮತ್ತು ಅದಕ್ಕೆ ಅವಳನ್ನು ಬಯ್ಯುವವರು ಆ ಮೇಜಿನ ಮೇಲೆ ಒಮ್ಮೆ ಮಲಗಿ ನೋಡಬೇಕು. ಹೇಳಿದರೆ ಏನಾದೀತು? ಆಯಿಯನ್ನು ಹೊರಗೆ ಹಾಕುತ್ತಾರೆ. ಬರೀ ಹೊರಗೆ ಹಾಕುವುದಲ್ಲ, ಬೊಮ್ಮುವಿನ ಕಾಲು ಸುಟ್ಟವಳು ಇವಳೇ ಎಂದು ಬೊಟ್ಟು ಮಾಡುತ್ತಾರೆ. ಪೊಲೀಸರನ್ನು ಕರೆದರೂ ಕರೆದಾರು. ಅಷ್ಟಲ್ಲದೆ, ಆಯಿ ತಪ್ಪೆಂದು ನಂಬುವುದಾದರೂ ಹೇಗೆ? ದುರ್ಗಿಯ ಮೈಗೆ ಸಂಬಂಧಿಸಿದ ಯಾವುದರಲ್ಲೂ ಆಯಿ ಇಲ್ಲಿಯವರೆಗೆ ಸೋತಿರಲಿಲ್ಲ. ಈ ಡಾಕ್ಟರ ಮಾತೇ ಸುಳ್ಳಾಗಿದ್ದರೆ? ತಣ್ಣೀರು ಒಳಹೊಕ್ಕು ಜೀವಮಾನವಿಡೀ ಎಲುಬು ಹಿಂಡಿದರೆ? ಹಿಡಿ ತಿರುಗುತ್ತಲೇ ಇತ್ತು. ಒಂದೊಂದು ಸುತ್ತಿಗೂ ಕಾಲು ತನ್ನಿಂದ ದೂರವಾಗುತ್ತಿದೆಯೆಂದು ಅವಳಿಗೆ ಅನಿಸಿತು.

ಅಷ್ಟರಲ್ಲಿ ಒಂದು ವಾಸನೆ ಬಂತು. ಬಹಳ ತೆಳು. ಹಬೆಯದೋ ಏನೋ ಎಂದು ಇನ್ನೊಬ್ಬರು ಬಿಡುವಷ್ಟೇ.

ದುರ್ಗಿಗೆ ಲಂಗರಿನ ಹಗ್ಗ ನೆನಪಾಯಿತು. ಗಾಳಿಗೆ ದೋಣಿ ಎಳೆದಾಗ ಹಗ್ಗ ಬಿರಬಿರನೆ ಓಡಿ ದೋಣಿಯ ಅಂಚಿನ ಮರ ಹೊಗೆಯಾಡುತ್ತಿತ್ತು. ಮಂಗೇಶ ಕೂಗಿಕೊಂಡು ಸಮುದ್ರದ ನೀರು ಮೊಗೆದು ಅದರ ಮೇಲೆ ಸುರಿಯುತ್ತಿದ್ದ. ಆಗ ಯಾರಾದರೂ ನೀರು ಕಾಯಿಸಿ ತಂದು ಹಾಕಿದ್ದನ್ನು ಅವಳು ಕಂಡಿರಲಿಲ್ಲ. ಡಾಕ್ಟರ ಮಾತು ನಿಜವೆಂದು ಆಗ ಅವಳಿಗೆ ಖಾತ್ರಿಯಾಯಿತು, ಮತ್ತು ಖಾತ್ರಿಯಾದದ್ದೇ ಅವಳ ಜೀವ ಹಾರಿಹೋಯಿತು. ಬಾಯಿ ತೆರೆದರೆ ಸ್ವರ ಬರಲಿಲ್ಲ. ಮೀನುಪೇಟೆಯನ್ನೇ ನಡುಗಿಸಿದ ಗಂಟಲು ಅದು. ಇನ್ನೊಮ್ಮೆ ಪ್ರಯತ್ನಿಸಿದಳು.

"ದಾಕ್ತರೇ, ನಿಲ್ಸಿ. ನೀರು ಬಿಸಿ ಅದೆ."

ಹೆದರಿ ಬಡಬಡಿಸುತ್ತಿದ್ದಾಳೆಂದು ತಿಳಿದು ಡಾಕ್ಟರು, ಆಯಿತು, ಇನ್ನು ಸ್ವಲ್ಪವೇ ಎಂದು ಸಮಾಧಾನ ಹೇಳಿದರು. ದೇವು ಅವಳ ಕೈಗಳನ್ನು ಬಿಗಿಯಾಗಿ ಒತ್ತಿದ. ಅವನ ಕೈ ಆಗಲೇ ಬೆವತಿತ್ತು.

"ಅಲ್ಲ. ಕಾಯಿಸಿದ ನೀರದು. ನಂಗೆ ಗೊತ್ತದೆ. ಮುಟ್ಟಿ ನೋಡಿ."

ಹಿಡಿ ನಿಂತಿತು. ಡಾಕ್ಟರು ಅಲಗನ್ನು ಮೆಲ್ಲಗೆ ಹೊರಗೆಳೆದು ಹರಿಶ್ಚಂದ್ರನ ಕೈಗೆ ಕೊಟ್ಟು, ಒಂದು ಕೈಗವಸು ಕಳಚಿ, ಅಂಗೈಯನ್ನು ಕೆಟ್ಲಿಯ ಹೊಟ್ಟೆಗೆ ಇಟ್ಟರು. ಇಟ್ಟ ಕೈಯನ್ನು ಅವರು ಬಹಳ ಹೊತ್ತು ತೆಗೆಯಲಿಲ್ಲ. ಯಾರು ಕಾಯಿಸಿದ್ದೆಂದು ಕೇಳಿದಾಗ ಅವರ ದನಿ ಏರಿರಲಿಲ್ಲ. ದೇವು ನೆಲ ನೋಡಿದ. ತಾನೇ ಕಾಯಿಸಲು ಹೇಳಿದ್ದೆಂದು ದುರ್ಗಿ ಸುಳ್ಳು ಹೇಳಿದಳು. ಅದನ್ನು ಕೇಳಿ ಬಾಗಿಲ ಆಚೆ ಕಿವಿಯಿಟ್ಟು ನಿಂತ ಹೀರಾಳಿಗೆ ತಡೆಯಲಾಗಲಿಲ್ಲ. ಮಗಳ ಮೇಲೆ ತಪ್ಪು ಬರುವುದೆಂದರೇನು! ಬಾಗಿಲು ತಳ್ಳಿ ಒಳಗೇ ಬಂದಳು.

"ಅವಳಲ್ಲ, ನಾನು ಕಾಯಿಸಿದ್ದು. ಎಲುಬಿಗೆ ಯಾರಾದ್ರೂ ತಣ್ಣೀರು ಬಿಡ್ತಾರಾ? ಬೊಮ್ಮೂಗೂ ನಾನೇ ಕಾಯಿಸಿ ಕೊಟ್ಟದ್ದು. ಅವಳಿಗೆ ಇಲ್ಲಿ ಯಾರಿದ್ರು?"

ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯಿತ್ತು. ದುರ್ಗಿಗೆ ಅದನ್ನು ನೋಡಲಾಗಲಿಲ್ಲ.

ಡಾಕ್ಟರು ಕೂಗಾಡಿದ್ದರೆ ಒಳ್ಳೆಯದಿತ್ತು. ಅವರು ಹರಿಶ್ಚಂದ್ರನ ಕೈಯಿಂದ ಅಲಗನ್ನು ತೆಗೆದುಕೊಂಡು ಅದರ ತುದಿಯನ್ನು ಹೀರಾಳ ಅಂಗೈಗೆ ಮುಟ್ಟಿಸಿದರು. ಅದು ಹೊರಬಂದು ಅಷ್ಟು ಹೊತ್ತಾಗಿದ್ದರೂ ಹೀರಾ ಕೈ ಹಿಂದಕ್ಕೆಳೆದುಕೊಂಡಳು. ಮಗಳ ಕಾಲಿನೊಳಗೆ ಇದ್ದಾಗ ಎಷ್ಟು ಕಾದಿತ್ತೋ ನೀವೇ ಲೆಕ್ಕ ಹಾಕಿ ಎಂದು ಡಾಕ್ಟರು ಹೇಳಿದರು. ಆ ಬಿಸಿ ತೆಗೆಯಲಿಕ್ಕೇ ನೀರು ಇರುವುದು, ಬಿಸಿನೀರು ಬಿಸಿಯನ್ನು ತೆಗೆಯುವುದಿಲ್ಲ ಎಂದೂ ಹೇಳಿದರು. ಹೀರಾ ತನ್ನ ಅಂಗೈಯನ್ನೇ ನೋಡುತ್ತ ನಿಂತಳು. ಅವಳ ಮುಖದ ಹೆಮ್ಮೆ ಒಂದೇ ಸಲಕ್ಕೆ ಹೋಗಲಿಲ್ಲ. ನೋಡನೋಡುತ್ತ ಸ್ವಲ್ಪಸ್ವಲ್ಪವೇ ಹೋಯಿತು. ಕೊನೆಗೆ ಅವಳು ಒಂದೇ ಮಾತು ಕೇಳಿದಳು.

"ಹಾಂಗಾರೆ ಬೊಮ್ಮೂದು?"

ಡಾಕ್ಟರು ಅಲಗನ್ನು ತಟ್ಟೆಗೆ ಹಾಕಿದರು. ಇಷ್ಟು ದಿನ ಅಲಗನ್ನು ಅನುಮಾನಿಸಿ, ತಮ್ಮ ಕೈಯನ್ನೂ ಅನುಮಾನಿಸಿ ನಿದ್ದೆಗೆಟ್ಟಿದ್ದ ಮನುಷ್ಯ ಅವರು. ಒಮ್ಮೆಯೂ ಕೆಟ್ಲಿ ಮುಟ್ಟಿ ನೋಡಿರಲಿಲ್ಲ. ಅದು ಅವರಿಗೂ ತಟ್ಟಿರಬೇಕು. ಮುಂದಿನ ಕೆಲಸ ನೋಡೋಣ ಎಂದು ಮಾತ್ರ ಹೇಳಿ ಬೆನ್ನು ತಿರುಗಿಸಿದರು.

ಮುಂದಿನ ಕೆಲಸವೆಂದರೆ ಕಾಯುವುದು. ಅಲಗನ್ನು ಮತ್ತೆ ಕುದಿಸಬೇಕು, ನೀರನ್ನು ಮತ್ತೆ ಕುದಿಸಬೇಕು, ಕುದಿದ ನೀರು ಆರಬೇಕು. ದುರ್ಗಿಯ ಎಲುಬಿನಲ್ಲಿ ತೂತು ಅರ್ಧಕ್ಕೆ ನಿಂತಿತ್ತು. ಅದರ ಮೇಲೆ ಕುದಿಸಿದ ಬಟ್ಟೆ ಮುಚ್ಚಿ ಅವಳನ್ನು ಹಾಗೆಯೇ ಬಿಟ್ಟರು. ಆ ಕಾಯುವಿಕೆಯಲ್ಲಿ ಅವಳು ಪಟ್ಟ ಹೆದರಿಕೆಯ ಮುಂದೆ ಮೊದಲಿನದೆಲ್ಲ ಏನೂ ಅಲ್ಲ. ಇದ್ದ ಅರ್ಧ ಆಗಲೇ ಸುಟ್ಟಿದ್ದರೆ? ತಾನು ಬಾಯಿ ಬಿಡಲು ತಡಮಾಡಿದ ಆ ಕೆಲವು ಸುತ್ತುಗಳೇ ಸಾಕಾಗಿದ್ದರೆ? ಮದ್ದು ಇಳಿಯತೊಡಗಿ ಆಳದಲ್ಲಿ ನೋವು ಮಿಸುಕಿತು. ಕಾಲು ಮತ್ತೆ ತನ್ನದಾಯಿತು, ಈಗ ಅದನ್ನು ಕಳೆದುಕೊಳ್ಳುವ ಹೆದರಿಕೆಯೂ ಪೂರ್ತಿ ತನ್ನದಾಯಿತು.

ಕುದಿಸಿದ ಕೆಟ್ಲಿಯನ್ನು ಬೇಗ ಆರಿಸಲು ಬಾವಿಗೆ ಇಳಿಬಿಡಬೇಕೆಂದರು. ದೇವು ಹಗ್ಗಕ್ಕೆ ಕೈ ಹಾಕಿದಾಗ ಹೀರಾ ಅದನ್ನು ಕಸಿದುಕೊಂಡಳಂತೆ. ಕೆಟ್ಲಿಯ ಕೊರಳಿನ ತನಕ ಮುಳುಗಬೇಕು, ಬಾಯಿ ಮುಳುಗಬಾರದು. ಬಲೆ ಎಳೆದ ಕೈಗೆ ಅಷ್ಟು ಹದ ಗೊತ್ತಿತ್ತು. ಬಾವಿಕಟ್ಟೆಯ ಮೇಲೆ ಬಗ್ಗಿ, ಹಗ್ಗ ಅಲುಗದಂತೆ ಹಿಡಿದು, ನೀರು ತಣ್ಣಗಾಗಲೆಂದು ಅವಳು ನಿಂತೇ ಇದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳು ತಣ್ಣೀರಿಗಾಗಿ ದೇವರನ್ನು ಬೇಡಿಕೊಂಡಳು. ಇದನ್ನೆಲ್ಲ ದೇವು ಆಮೇಲೆ ದುರ್ಗಿಗೆ ಹೇಳಿದ.

ಮತ್ತೆ ಸೂಜಿ ಚುಚ್ಚಿದರು, ಮತ್ತೆ ಹಿಡಿ ತಿರುಗಿತು. ಈ ಸಲ ಡಾಕ್ಟರು ಎರಡು ಸುತ್ತಿಗೊಮ್ಮೆ ನಿಲ್ಲುತ್ತಿದ್ದರು. ನೀರು ಹರಿದು ಬಂದು ದುರ್ಗಿಯ ತೊಡೆಗೆ ತಾಗಿದಾಗ ಅವಳು ಕಿಟಾರನೆ ಕಿರುಚುವವಳಿದ್ದಳು, ಅಷ್ಟು ತಣ್ಣಗೆ ಕೊರೆಯುತ್ತಿತ್ತು. ಬುದ್ಧಿ ಇದೇ ಸರಿ ಎನ್ನುತ್ತಿತ್ತು, ಮೈ ಒಪ್ಪಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಥಂಡಿಯ ಭಯ ಒಂದು ಬೆಳಗಿನಲ್ಲಿ ಬಿಟ್ಟು ಹೋಗುತ್ತದೆಯೇ? ಅವಳು ಗಡಗಡ ನಡುಗುತ್ತ ಮೂಗನ್ನು ಮಾತ್ರ ಚುರುಕಾಗಿಟ್ಟುಕೊಂಡಳು. ವಾಸನೆ ಬರಲಿಲ್ಲ. ಸಲಾಕೆ ಆಚೆ ಬದಿಗೆ ತಲೆ ಹಾಕಿತು.

ವಾರ್ಡಿಗೆ ತಂದು ಮಲಗಿಸಿ, ಹಗ್ಗ ಕಟ್ಟಿ, ಮರಳಿನ ಚೀಲ ತೂಗುಬಿಟ್ಟರು. ಹೀರಾ ಮಗಳ ಮಂಚಕ್ಕೆ ಬರಲಿಲ್ಲ. ನೆಟ್ಟಗೆ ಬೊಮ್ಮುವಿನ ಮಂಚಕ್ಕೆ ಹೋಗಿ, ನೆಲದ ಮೇಲೆ ಕೂತು, ನಡೆದದ್ದನ್ನೆಲ್ಲ ಹೇಳಿದಳು. ಬೂದಿ, ಕೆಟ್ಲಿ, ಅಲಗಿನ ಬಿಸಿ, ಒಂದನ್ನೂ ಬಿಡಲಿಲ್ಲ. ಹೇಳಬೇಡ ಎಂದು ಕೂಗಬೇಕೆನಿಸಿತು ದುರ್ಗಿಗೆ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಬೊಮ್ಮು ಕೇಳಿಸಿಕೊಂಡಳು. ಹೀರಾ ಅವಳ ಕೈ ಹಿಡಿಯಲು ಹೋದಾಗ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಅವಳು ಮಾತಾಡಿದ್ದು ಹೀರಾಳ ಹತ್ತಿರವಲ್ಲ, ದುರ್ಗಿಯ ಹತ್ತಿರ.

"ನಿಂಗೂ ಗೊತ್ತಿತ್ತು, ನೀರು ಕಾಯಿಸಿದ್ದು. ನಿನ್ನ ಕಾಲಿಗೆ ಬಂದಾಗ ಬಾಯಿ ಬಂತು."

ದುರ್ಗಿ ಬಿಸಿನೀರು ಬಿಟ್ಟರೆ ಎಲುಬು ಸುಡುತ್ತದೆಂದು ಅಂದು ತನಗೆ ತಿಳಿದಿರಲಿಲ್ಲ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ನಿಜ ಹೇಳಿದರೂ ಬೊಮ್ಮುವಿನ ಕಾಲಿಗೆ ಆಗುವುದೇನೂ ಇರಲಿಲ್ಲ. ಅವಳು ಗೋಡೆಯ ಕಡೆ ಮುಖ ಮಾಡಲು ನೋಡಿದಳು. ಚೀಲದ ಎಳೆತ ಹೊರಳಲು ಬಿಡಲಿಲ್ಲ.

ಆಮೇಲಿನ ಬೆಳಗುಗಳಲ್ಲಿ ಡಾಕ್ಟರು ಎರಡು ಮಂಚಗಳ ಮೇಲೂ ಬಗ್ಗತೊಡಗಿದರು. ದುರ್ಗಿಯ ಸಲಾಕೆಯ ಒಂದು ಬದಿ, ಮೊದಲು ಕೊರೆದ ಬದಿ, ಕೆಲವು ದಿನ ಒದ್ದೆಯಾಗಿಯೇ ಇತ್ತು. ಅವರು ಬಗ್ಗಿದಾಗಲೆಲ್ಲ ಅವಳು ಅವರ ಹುಬ್ಬನ್ನೇ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಅವರು ಮೂಸಿ, ಬೆರಳಲ್ಲಿ ಒತ್ತಿ, ಇನ್ನೊಮ್ಮೆ ಮೂಸಿ, ಒಣಗಿದೆ, ಬುಟ್ಟಿ ಹೊರುವೆಯಂತೆ ಎಂದರು. ಆ ಮಾತಿಗಾಗಿ ಅವಳು ಹರಕೆ ಹೊತ್ತದ್ದೆಷ್ಟು! ಬಂದಾಗ ನಗಲು ಆಗಲಿಲ್ಲ. ಏಕೆಂದರೆ ಡಾಕ್ಟರು ಅಲ್ಲಿಂದ ಪಕ್ಕದ ಮಂಚಕ್ಕೆ ಹೋಗಿ, ಈ ಸಲ ಮೂಸದೆಯೇ, ಸ್ಟೂಲು ಎಳೆದು ಕೂತರು. ಕೂತು ಮಾತಾಡುವ ಡಾಕ್ಟರು ಏನು ಹೇಳುತ್ತಾರೆಂದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಾಲು ಕತ್ತರಿಸಲೆಂದು ಬೊಮ್ಮುವನ್ನು ಒಯ್ಯಲು ದೇವು ಬಂದ ದಿನ ಹೊನ್ನ ಬಾಗಿಲಲ್ಲಿ ಟವೆಲು ಬಾಯಿಗೊತ್ತಿಕೊಂಡು ನಿಂತಿದ್ದ. ಬೊಮ್ಮು ಅಳಲಿಲ್ಲ. ಅವಳ ಹಲ್ಲು ಮಾತ್ರ ಕಟಕಟ ಹೊಡೆದುಕೊಳ್ಳುತ್ತಿತ್ತು. ಹೀರಾ ಆ ಹೊತ್ತಿಗೆ ಕಣ್ಣಿಗೆ ಬೀಳಬಾರದೆಂದು ಕಂಬದ ಮರೆಗೆ ಸರಿದಿದ್ದಳು. ಕೆಟ್ಲಿಯ ಸಂಗತಿ ಹೇಳಿದ ದಿನದಿಂದ ಇಬ್ಬರಲ್ಲಿ ಮಾತಿರಲಿಲ್ಲ. ಎತ್ತಿಕೊಂಡವರು ಕಂಬ ದಾಟುವಾಗ ಬೊಮ್ಮು ಹೊದಿಕೆಯೊಳಗಿಂದ ಕೈ ಹೊರಗೆ ಚಾಚಿದಳು.

"ನೀ ಬಾ," ಎಂದಳು ಹೀರಾಳಿಗೆ. "ನೀರು ಗೀರು ಮುಟ್ಟಬೇಡ. ಮದ್ದಿನ ನಿದ್ದೆ ಬರೂ ತನಕ ಕೈ ಹಿಡ್ಕೋ, ಸಾಕು."

ಹೀರಾ ಓಡಿಹೋಗಿ ಆ ಕೈ ಹಿಡಿದುಕೊಂಡಳು. ಇಬ್ಬರೂ ಬಾಗಿಲ ಆಚೆ ಹೋದರು, ಬಾಗಿಲು ಮುಚ್ಚಿತು. ದುರ್ಗಿ ಎದ್ದು ಕೂರಲಾರದೆ, ಹೊರಳಲಾರದೆ, ಎಳೆಯುತ್ತಿದ್ದ ತನ್ನ ಕಾಲಿನ ಜೊತೆ ಮಲಗಿ ಆ ಬಾಗಿಲನ್ನೇ ನೋಡುತ್ತಿದ್ದಳು. ಅವಳಿಗೆ ಈಗ, ತನ್ನ ಕಾಲಿಗಾಗಿ ಹೆದರಿದ್ದಕ್ಕಿಂತ ಹೆಚ್ಚು, ಬೊಮ್ಮುವಿಗಾಗಿ ಹೆದರಿಕೆಯಾಗುತ್ತಿತ್ತು.